ದೀಪದ ಖರ್ಚು ಯಾರ ಲೆಕ್ಕಕ್ಕೆ? ಸ್ಕಾಗೆನ್ ಅನ್ನೋ ಮೀನುಗಾರರ ಊರಿನ ಕಥೆ

ಪೋಸ್ಟ್ 1/9

ಮೊದಲ ಫೋಟೋದಲ್ಲಿರೋ ನೋಟನ್ನ ಸ್ವಲ್ಪ ಜೂಮ್ ಮಾಡಿ ನೋಡಿ. ಡೆನ್ಮಾರ್ಕಿನ 1000 ಕ್ರೋನರ್ ನೋಟು, 1998ರದ್ದು. ಅದರ ಮೇಲೆ ರಾಜನೂ ಇಲ್ಲ, ರಾಣಿಯೂ ಇಲ್ಲ. ಇರೋದು ಒಬ್ಬ ಗಡ್ಡದ ಗಂಡ, ಪಕ್ಕದಲ್ಲಿ ಹೆಂಡತಿ. ಮಿಕೇಲ್ ಆಂಕರ್, ಆನಾ ಆಂಕರ್. ಇಬ್ಬರೂ ಚಿತ್ರಕಲಾವಿದರು. ಆನಾ ಹುಟ್ಟಿದ್ದು ದೇಶದ ತುತ್ತತುದಿಯ ಒಂದು ಮೀನುಗಾರರ ಊರಲ್ಲಿ, ಅಪ್ಪ-ಅಮ್ಮ ಅಲ್ಲಿ ಅಂಗಡಿ ಜೊತೆ ಒಂದು ವಸತಿಗೃಹ ನಡೆಸ್ತಿದ್ದರು. ಆ ಊರಿನ ಹೆಸರು ಸ್ಕಾಗೆನ್. ಬರೆಯೋದು ಹಾಗೆ, ಅಲ್ಲಿನವರ ಬಾಯಲ್ಲಿ ಅದು ಸುಮಾರು ‘ಸ್ಕೇನ್’ ಅಂತ ಕೇಳಿಸುತ್ತೆ.

ಈ ನೋಟು ಈಗ ಚಲಾವಣೆಯಲ್ಲಿಲ್ಲ. 1000 ಕ್ರೋನರ್ ನೋಟುಗಳನ್ನ, ಜೊತೆಗೆ ಹಳೇ ಸರಣಿಯ ಎಲ್ಲಾ ನೋಟುಗಳನ್ನ ವಾಪಸ್ ತಗೋತೀವಿ ಅಂತ ಡೆನ್ಮಾರ್ಕಿನ ಕೇಂದ್ರ ಬ್ಯಾಂಕು 2023ರ ನವೆಂಬರಿನಲ್ಲಿ ಹೇಳಿತು. ಕೊನೇ ದಿನ 2025ರ ಮೇ 31. ಅಂದ್ರೆ ಜನಕ್ಕೆ ಒಂದೂವರೆ ವರ್ಷ ಟೈಮು. (2016ರ ನವೆಂಬರ್ 8ರ ರಾತ್ರಿ ನಮಗೆ ಸಿಕ್ಕಿದ್ದು ನಾಲ್ಕು ಗಂಟೆ. ನಾನಾಗ ಐದನೇ ಕ್ಲಾಸು. ಅಜ್ಜಿ ಅಕ್ಕಿ ಡಬ್ಬದಿಂದ ನೋಟು ತೆಗೆದು ಎಣಿಸ್ತಾ ಕೂತಿದ್ದು ಇನ್ನೂ ಕಣ್ಣ ಮುಂದೆ ಇದೆ.)

ನೋಟಿನ ಬಗ್ಗೆ ಹುಡುಕೋಕೆ ಹೋದವರು ಊರಿನ ಒಳಗೆ ಸಿಕ್ಕಿಹಾಕ್ಕೊಂಡ್ವಿ. ‘ವಿ’ ಅಂದ್ರೆ ನಾನು, ನನ್ನ ಬಿಸಿನೆಸ್ ಎಕನಾಮಿಕ್ಸ್ ನೋಟ್ಸು. ಯಾಕೆ ಅಂತ ಮೂರನೇ ಪೋಸ್ಟಲ್ಲಿ ಹೇಳ್ತೀನಿ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ: ನಾನು ಅಲ್ಲಿಗೆ ಹೋಗಿಲ್ಲ, ನನ್ನ ಹತ್ರ ಪಾಸ್‌ಪೋರ್ಟೂ ಇಲ್ಲ. ಫೋಟೋಗಳಲ್ಲಿ ಹೆಚ್ಚಿನವು ನೂರು ವರ್ಷ ದಾಟಿದ ಪೇಂಟಿಂಗುಗಳು.

ಪೋಸ್ಟ್ 2/9

ಮ್ಯಾಪ್ ತೆಗೀರಿ. ಜರ್ಮನಿಯ ತಲೆ ಮೇಲೆ ಉತ್ತರಕ್ಕೆ ಚಾಚಿಕೊಂಡಿರೋ ಭೂಮಿ ಇದೆಯಲ್ಲ, ಅದು ಜಟ್‌ಲ್ಯಾಂಡ್. ಅದರ ತುದಿ ಚೂಪಾಗ್ತಾ ಚೂಪಾಗ್ತಾ ಕೊನೆಗೆ ಒಂದು ಮರಳಿನ ನಾಲಿಗೆ ಆಗುತ್ತೆ. ಆ ನಾಲಿಗೆಗೆ ಗ್ರೇನೆನ್ ಅಂತ ಹೆಸರು. ಎಡಗಡೆ ಸ್ಕಾಗೆರಾಕ್ ಕಡಲು, ಬಲಗಡೆ ಕಟೆಗಾಟ್ ಕಡಲು. ಎರಡೂ ಕಡೆಯ ಅಲೆಗಳು ಎದುರಾ ಬದುರಾ ಓಡಿ ಬಂದು ತುದೀಲಿ ಡಿಕ್ಕಿ ಹೊಡೀತವೆ. ಎರಡನೇ ಫೋಟೋದಲ್ಲಿ ಆ ಬಿಳೀ ನೊರೆಯ ಗೆರೆ ಕಾಣುತ್ತೆ. ನೋಡೋಕೆ ಚಂದ, ಆದ್ರೆ ಸೆಳೆತ ಜೋರು. ಅಲ್ಲಿ ಈಜೋ ಹಾಗಿಲ್ಲ.

ಕಣ್ಣಿಗೆ ಕಾಣೋ ನಾಲಿಗೆ ಸಣ್ಣದು. ನೀರಿನ ಕೆಳಗೆ ಅದು ಇನ್ನೂ ದೂರ ಮುಂದುವರಿಯುತ್ತೆ. ಕಥೆಯ ಅರ್ಧ ಇಲ್ಲೇ ಇದೆ. ಬಾಲ್ಟಿಕ್ ಸಮುದ್ರದ ಊರುಗಳಿಂದ ಧಾನ್ಯ, ಮರ, ಟಾರು ತುಂಬಿಕೊಂಡು ಇಂಗ್ಲೆಂಡಿಗೋ ಹಾಲೆಂಡಿಗೋ ಹೋಗೋ ಹಡಗು ಈ ತುದಿ ಸುತ್ತಲೇಬೇಕು. ವಾಪಸ್ ಬರೋವಾಗಲೂ ಅಷ್ಟೇ. ಗಾಳಿ ಸ್ವಲ್ಪ ತಪ್ಪಿ ಬೀಸಿತು, ಮಂಜು ಕವಿಯಿತು, ನಾವಿಕ ತುದಿ ಮುಗೀತು ಅಂದ್ಕೊಂಡು ತಿರುಗಿಸಿಬಿಟ್ಟ ಅಂದ್ರೆ ಹಡಗಿನ ಹೊಟ್ಟೆ ಮರಳಿಗೆ ಕೂರುತ್ತೆ. ಆಮೇಲೆ ಅಲೆಗಳು ಅದನ್ನ ಒಡೀತಾ ಹೋಗ್ತವೆ. ಕೋಪನ್‌ಹೇಗನ್‌ನಿಂದ ನಮ್ಮ ಕಡೆಗೆ, ಅಂದ್ರೆ ತಮಿಳುನಾಡಿನ ತರಂಗಂಬಾಡಿಗೆ, ಬರ್ತಿದ್ದ ಡೇನಿಷ್ ಕಂಪನಿಯ ಹಡಗುಗಳ ದಾರಿಯೂ ಇದೇ. ತರಂಗಂಬಾಡಿಯಲ್ಲಿ ಡೇನರು ನೆಲೆ ಊರಿದ್ದು 1620ರಲ್ಲಿ.

ಕಾಮರ್ಸ್ ಓದೋರಿಗೆ ಒಂದು ಸಣ್ಣ ಖುಷಿ ವಿಚಾರ. ಇಂಗ್ಲಿಷ್ ನಾವಿಕರು ಈ ಜಾಗಕ್ಕೆ ‘ಸ್ಕಾ’ ಅಂತಾರೆ. ಹಡಗು ಬಾಡಿಗೆ ಕರಾರುಗಳಲ್ಲಿ ಇವತ್ತಿಗೂ ‘ಸ್ಕಾ–ಪಸ್ಸೆರೊ ರೇಂಜ್’ ಅಂತ ಬರೀತಾರೆ. ಸ್ಕಾಗೆನ್ ತುದಿಯಿಂದ ಸಿಸಿಲಿಯ ಪಸ್ಸೆರೊ ಭೂಶಿರದ ತನಕ ಯಾವ ಬಂದರಲ್ಲಾದರೂ ಹಡಗು ಒಪ್ಪಿಸಬಹುದು ಅಂತ ಅರ್ಥ. ಸುಮಾರು ಏಳೆಂಟು ಸಾವಿರ ಜನರ ಊರು, ಆದ್ರೆ ಒಂದು ಖಂಡದ ವ್ಯಾಪಾರದ ಗಡಿಕಲ್ಲು.

ಪೋಸ್ಟ್ 3/9

ಈಗ ನನ್ನ ಎಕನಾಮಿಕ್ಸ್ ನೋಟ್ಸಿಗೆ ಬನ್ನಿ. ‘ಸಾರ್ವಜನಿಕ ಸರಕು’ ಅನ್ನೋ ಪಾಠ ಇರುತ್ತಲ್ಲ, ಅದರಲ್ಲಿ ಉದಾಹರಣೆ ಯಾವಾಗ್ಲೂ ಒಂದೇ: ಲೈಟ್‌ಹೌಸ್. ದೀಪ ಹಚ್ಚಿದ್ರೆ ದುಡ್ಡು ಕೊಟ್ಟ ಹಡಗಿಗೂ ಕಾಣುತ್ತೆ, ಕೊಡದ ಹಡಗಿಗೂ ಕಾಣುತ್ತೆ. ಹಾಗಾಗಿ ಖಾಸಗಿಯವರು ಯಾರೂ ಹಚ್ಚಲ್ಲ, ಸರ್ಕಾರವೇ ಹಚ್ಚಬೇಕು. ಮೇಡಂ ಐದು ನಿಮಿಷದಲ್ಲಿ ಮುಗಿಸಿದರು, ನಾನು ಐದು ಮಾರ್ಕಿಗೆ ಬರೆದು ಬಂದೆ. ಆಮೇಲೆ ಗೊತ್ತಾಯ್ತು, ರೊನಾಲ್ಡ್ ಕೋಸ್ ಅನ್ನೋ ಅರ್ಥಶಾಸ್ತ್ರಜ್ಞ 1974ರಲ್ಲೇ ಇದರ ಬಗ್ಗೆ ಜಗಳ ತೆಗೆದಿದ್ದಾರೆ. ಇಂಗ್ಲೆಂಡಿನಲ್ಲಿ ಎಷ್ಟೋ ದೀಪಗಳನ್ನ ಖಾಸಗಿಯವರೇ ನಡೆಸಿದ್ದರು, ಬಂದರಿಗೆ ಬಂದ ಹಡಗುಗಳಿಂದ ಶುಲ್ಕ ಎತ್ತುತ್ತಿದ್ದರು, ಪುಸ್ತಕ ಬರೆಯೋರು ಯಾರೂ ಹೋಗಿ ನೋಡೇ ಇಲ್ಲ ಅಂತ.

ಹಾಗಾದ್ರೆ ಸ್ಕಾಗೆನ್‌ನ ದೀಪಕ್ಕೆ ದುಡ್ಡು ಕೊಟ್ಟೋರು ಯಾರು?

ಎರಿಕ್ ಅನ್ನೋ ರಾಜ (ಪೊಮೆರೇನಿಯಾದವನು) 1413ರಲ್ಲಿ ಸ್ಕಾಗೆನ್‌ಗೆ ಪೇಟೆ ಊರಿನ ಹಕ್ಕು ಕೊಟ್ಟ. ಅಂದ್ರೆ ಇಲ್ಲಿನವರು ಅಧಿಕೃತವಾಗಿ ವ್ಯಾಪಾರ ಮಾಡಬಹುದು. ಅದೇ ರಾಜ 1429ರ ಹೊತ್ತಿಗೆ ಇನ್ನೊಂದು ಕೆಲಸ ಮಾಡಿದ. ದಕ್ಷಿಣದಲ್ಲಿ ಹೆಲ್ಸಿಂಗೋರ್ ಹತ್ರ ಓರೆಸುಂಡ್ ಜಲಸಂಧಿ ತುಂಬ ಕಿರಿದು. ಅಲ್ಲಿ ಹಾಯೋ ಹಡಗುಗಳೆಲ್ಲ ಸುಂಕ ಕಟ್ಟಿ ಹೋಗಬೇಕು ಅಂತ ಮಾಡಿದ. ಮುಂದಿನ ನಾಲ್ಕು ಶತಮಾನ ಡೆನ್ಮಾರ್ಕಿನ ರಾಜರ ಖಜಾನೆಗೆ ಅದು ಚಿನ್ನದ ಕೊಳವೆ. ಆಮೇಲೆ ಆಮೇಲೆ ಸರಕಿನ ಬೆಲೆ ಮೇಲೆ ಸುಂಕ ಹಾಕೋಕೆ ಶುರು ಮಾಡಿದರು. ಬೆಲೆ ಎಷ್ಟು ಅಂತ ಕ್ಯಾಪ್ಟನ್ನೇ ಹೇಳಬೇಕು. ಕಮ್ಮಿ ಹೇಳಿದ್ರೆ? ಅಲ್ಲೇ ಮಜಾ ಇರೋದು. ಅವನು ಹೇಳಿದ ಬೆಲೆಗೇ ಇಡೀ ಸರಕನ್ನ ಕೊಂಡುಕೊಳ್ಳೋ ಹಕ್ಕು ರಾಜನಿಗಿತ್ತು! ಕಮ್ಮಿ ಹೇಳಿದ್ರೆ ಮಾಲು ಹೋಗುತ್ತೆ, ಜಾಸ್ತಿ ಹೇಳಿದ್ರೆ ಸುಂಕ ಏರುತ್ತೆ. ಜಿಎಸ್‌ಟಿ ಪಾಠ ಓದುವಾಗ ಇದು ನೆನಪಾಗಿ ನಗು ಬಂತು.

ಸುಂಕ ಬೇಕಾದ್ರೆ ಹಡಗು ಬದುಕಿ ಬರಬೇಕು ತಾನೇ. 1560ರಲ್ಲಿ ರಾಜ ಎರಡನೇ ಫ್ರೆಡರಿಕ್ ಸ್ಕಾಗೆನ್, ಆನ್‌ಹೋಲ್ಟ್ ದ್ವೀಪ, ಕುಲ್ಲೆನ್, ಈ ಮೂರು ಕಡೆ ರಾತ್ರಿ ಬೆಂಕಿ ಉರಿಸೋಕೆ ಆಜ್ಞೆ ಮಾಡಿದ.

ಮೂರನೇ ಫೋಟೋ ನೋಡಿ, ನಿಮಗೆ ಏತ ನೆನಪಾಗುತ್ತೆ. ಬಾವಿಯಿಂದ ನೀರೆತ್ತೋಕೆ ಉದ್ದದ ಮರ ಒಂದು ಕಂಬದ ಮೇಲೆ ಏರಿ ಇಳಿಯುತ್ತಲ್ಲ, ಥೇಟ್ ಹಾಗೇ. ನೀರಿನ ಬದಲು ತುದಿಗೆ ಕಬ್ಬಿಣದ ಬುಟ್ಟಿ, ಬುಟ್ಟಿ ತುಂಬ ಉರಿಯೋ ಕಲ್ಲಿದ್ದಲು. ಕೆಳಗಿಳಿಸಿ ಕಲ್ಲಿದ್ದಲು ತುಂಬೋದು, ಮೇಲೆತ್ತೋದು. ಇಡೀ ರಾತ್ರಿ ಇದೇ ಕೆಲಸ. ಸ್ಕಾಗೆನ್‌ನಲ್ಲಿ ಇದು ಬಂದಿದ್ದು 1627ರಲ್ಲಿ. ಈಗ ಇರೋದು ಅದರ ಪ್ರತಿಕೃತಿ. 1747ರಲ್ಲಿ ಇಟ್ಟಿಗೆಯ ಬಿಳೀ ಗೋಪುರ ಕಟ್ಟಿದರು, ಅದು ಇನ್ನೂ ನಿಂತಿದೆ.

ಹತ್ತೊಂಬತ್ತನೇ ಶತಮಾನದ ನಡುವಿಗೆ ಬೇರೆ ದೇಶಗಳಿಗೆ ಈ ಸುಂಕ ಸಾಕಾಗಿತ್ತು. ನಾವಿನ್ನು ಕಟ್ಟಲ್ಲ ಅಂತ ಅಮೆರಿಕ ಹಠ ಹಿಡಿಯಿತು. 1857ರಲ್ಲಿ ಕೋಪನ್‌ಹೇಗನ್ ಒಪ್ಪಂದ ಆಯ್ತು: ಸುಂಕ ರದ್ದು, ಬದಲಿಗೆ ಡೆನ್ಮಾರ್ಕಿಗೆ ಒಂದೇ ಸಲ 33.5 ದಶಲಕ್ಷ ರಿಗ್ಸ್‌ಡಾಲರ್ ಪರಿಹಾರ. ದುಡ್ಡು ಇಸ್ಕೊಂಡ ಮೇಲೆ ಒಂದು ಹೊಣೆಯೂ ಬಂತು. ದಾರಿಯ ದೀಪಗಳನ್ನ, ಗುರುತುಗಳನ್ನ ಡೆನ್ಮಾರ್ಕ್ ಮುಂದೆಯೂ ನಡೆಸಿಕೊಂಡು ಹೋಗಬೇಕು. ಮಾರನೇ ವರ್ಷ, 1858ರಲ್ಲಿ, ಸ್ಕಾಗೆನ್‌ನಲ್ಲಿ 46 ಮೀಟರ್ ಎತ್ತರದ ಬೂದು ಗೋಪುರ ಹೊತ್ತಿಕೊಂಡಿತು.

ನೂರಾರು ವರ್ಷ ಸುಂಕ ತಿಂದ ರಾಜರ ಮೇಲೆ ನನಗೇನೂ ಪ್ರೀತಿ ಇಲ್ಲ. ಆದ್ರೂ ‘ದೀಪ ಅಂದ್ರೆ ಸರ್ಕಾರದ ಧರ್ಮ’ ಅಂತ ನಾನು ಬರೆದ ಉತ್ತರ ಪೂರ್ತಿ ಸರಿ ಅಲ್ಲ. ಇದು ಲೆಕ್ಕಾಚಾರದಲ್ಲಿ ಹೊತ್ತಿದ ದೀಪ.

ಪೋಸ್ಟ್ 4/9

ಇದು ಮರಳಿನ ಪೋಸ್ಟು.

ನಾಲ್ಕನೇ ಫೋಟೋದಲ್ಲಿ ದಿಬ್ಬದ ನಡುವೆ ಒಂದು ಬಿಳೀ ಗೋಪುರ ಒಂಟಿಯಾಗಿ ನಿಂತಿದೆ. ಅದು ಚರ್ಚಿನ ಗಂಟೆ ಗೋಪುರ. ಚರ್ಚು ಎಲ್ಲಿ ಅಂತ ಕೇಳಬೇಡಿ. ಸಂತ ಲಾರೆನ್ಸನ ಹೆಸರಲ್ಲಿ ಹದಿನಾಲ್ಕನೇ ಶತಮಾನದಲ್ಲಿ ಕಟ್ಟಿದ ದೊಡ್ಡ ಚರ್ಚದು. ಹದಿನೆಂಟನೇ ಶತಮಾನದ ಕೊನೆಕೊನೆಗೆ ಭಾನುವಾರ ಪ್ರಾರ್ಥನೆಗೆ ಹೋಗಬೇಕು ಅಂದ್ರೆ ಜನ ಮೊದಲು ಬಾಗಿಲ ಮುಂದಿನ ಮರಳು ತೋಡಬೇಕಿತ್ತು. ಇವತ್ತು ತೋಡಿದ್ರೆ ಮುಂದಿನ ವಾರ ಮತ್ತೆ ಅಷ್ಟೇ. 1795ರಲ್ಲಿ ರಾಜಾಜ್ಞೆ ಬಂತು, ಚರ್ಚ್ ಮುಚ್ಚಿ ಅಂತ. 1810ರಲ್ಲಿ ಕಟ್ಟಡ ಕೆಡವಿದರು. ಗೋಪುರ ಮಾತ್ರ ಬಿಟ್ಟರು, ಭಕ್ತಿಗಲ್ಲ, ದೂರದ ಹಡಗುಗಳಿಗೆ ಗುರುತಾಗಲಿ ಅಂತ. ಊರಿಗೆ ಹೊಸ ಚರ್ಚ್ ಆಗಿದ್ದು 1841ರಲ್ಲಿ.

ತಲಕಾಡು ನೆನಪಾಯ್ತಲ್ವಾ? ನನಗೂ ಆಯ್ತು. ಆದರೆ ಇಲ್ಲಿ ಶಾಪ ಕೊಟ್ಟೋರು ಯಾರೂ ಇಲ್ಲ. ದಿಬ್ಬಗಳ ಮೇಲೆ ಬೆಳೆಯೋ ಒರಟು ಹುಲ್ಲಿನ ಬೇರೇ ಮರಳನ್ನ ಹಿಡಿದಿಡೋದು. ಬಡ ಜನ ಆ ಹುಲ್ಲನ್ನ ಕೊಯ್ದು ಚಾವಣಿಗೆ, ಹಗ್ಗಕ್ಕೆ, ಒಲೆಗೆ ಬಳಸಿದರು, ದನ ಕುರಿ ಮೇಯಿಸಿದರು. ಹುಲ್ಲು ಹೋದ ಜಾಗದಲ್ಲಿ ಪಶ್ಚಿಮದ ಗಾಳಿ ಮರಳನ್ನ ಎಬ್ಬಿಸಿತು. ಹುಲ್ಲು ಕೀಳಬೇಡಿ ಅಂತ 1539ರಲ್ಲೇ ರಾಜ ಮೂರನೇ ಕ್ರಿಶ್ಚಿಯನ್ ಕಾನೂನು ಮಾಡಿದ್ದ. ಒಲೆ ಉರಿಯಬೇಕಾದ ಮನೆಗೆ ಕೋಪನ್‌ಹೇಗನ್‌ನ ಕಾನೂನು ಎಷ್ಟು ದೂರ ಅಂತ ನೀವೇ ಯೋಚಿಸಿ. 1792ರಲ್ಲಿ ಇನ್ನೊಂದು ಬಿಗಿಯಾದ ಕಾನೂನು ಬಂತು. ಸ್ಕಾಗೆನ್‌ನ ಸುತ್ತ ಗಿಡ ನೆಟ್ಟು ತೋಪು ಬೆಳೆಸೋ ಕೆಲಸ ಶುರುವಾಗಿದ್ದು 1888ರಲ್ಲಿ.

ಒಂದು ದಿಬ್ಬವನ್ನ ಮಾತ್ರ ಸರ್ಕಾರ ಬೇಕಂತಲೇ ಹಾಗೇ ಬಿಟ್ಟಿದೆ. ಹೆಸರು ರೋಬ್ಯಾರ್ ಮಿಲೆ. ಸುಮಾರು 40 ಮೀಟರ್ ಎತ್ತರ, ವರ್ಷಕ್ಕೆ 18 ಮೀಟರಿನ ತನಕ ಪೂರ್ವಕ್ಕೆ ಸರೀತಾ ಇದೆ. ಮರಳು ಏನು ಮಾಡಬಲ್ಲದು ಅಂತ ಮುಂದಿನವರೂ ನೋಡಲಿ ಅನ್ನೋದು ಉದ್ದೇಶ.

ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್, ನಾವು ಚಿಕ್ಕವರಿದ್ದಾಗ ಓದಿದ ಬಾತುಕೋಳಿ ಮರಿ ಕಥೆಯವರು, 1859ರ ಆಗಸ್ಟಿನಲ್ಲಿ ಇಲ್ಲಿಗೆ ಬಂದಿದ್ದರು. ಅದೇ ವರ್ಷ ‘ಮರಳು ದಿಬ್ಬಗಳ ಕಥೆ’ ಅಂತ ಬರೆದರು. ಅದರಲ್ಲಿ ಈ ಹೂತುಹೋದ ಚರ್ಚು ಬರುತ್ತೆ. ಮಕ್ಕಳಿಗೆ ಓದಿ ಹೇಳೋ ಕಥೆ ಅಲ್ಲ, ಮೊದಲೇ ಎಚ್ಚರಿಸಿದ್ದೀನಿ.

ಪೋಸ್ಟ್ 5/9

ಈ ಸರಣಿ ಬರೀಬೇಕು ಅನ್ನಿಸಿದ್ದು ಈ ಭಾಗಕ್ಕೋಸ್ಕರ. ನಿಧಾನಕ್ಕೆ ಓದಿ.

ಮರಳಿನ ಊರಲ್ಲಿ ಬೆಳೆ ಇಲ್ಲ. ಮರವೂ ಇಲ್ಲ. ಇರೋದು ಮೀನು, ಮತ್ತೆ ಒಡೆದ ಹಡಗು. ಹೌದು, ಒಡೆದ ಹಡಗು ಒಂದು ಆದಾಯದ ಬಾಬ್ತು. ಹಡಗು ಮರಳಿಗೆ ಸಿಕ್ಕಿಕೊಂಡ್ರೆ ಸರಕು ದಡಕ್ಕೆ ತರೋಕೆ ಆಳು ಬೇಕು, ಅದಕ್ಕೆ ಕೂಲಿ. ದಡಕ್ಕೆ ಬಂದ ಮಾಲು ಕಡಲ ತೀರದಲ್ಲೇ ಹರಾಜು. ಹಲಗೆ, ತೊಲೆ, ಹಗ್ಗ, ಹಾಯಿ ಬಟ್ಟೆ, ಎಲ್ಲಕ್ಕೂ ಬೆಲೆ. ಸ್ಕಾಗೆನ್‌ನ ಹಳೇ ಮನೆಗಳಲ್ಲಿ ಹಡಗಿನ ಮರ ಎಷ್ಟೋ ಇದೆ, ಮೇಲೆ ಕಪ್ಪು ಟಾರು ಬಳಿದಿರೋದು. ಈಗಿನ ಅಲ್ಲಿನ ಬಯಲು ಮ್ಯೂಸಿಯಮ್ಮಿನಲ್ಲಿ ಬಡ ಮೀನುಗಾರನ ಮನೆ, ಅನುಕೂಲಸ್ಥ ಮೀನುಗಾರನ ಮನೆ ಅಂತ ಎರಡನ್ನೂ ಹಾಗೇ ಉಳಿಸಿದ್ದಾರೆ.

ಅಕೌಂಟ್ಸ್ ಭಾಷೆಯಲ್ಲಿ ಹೇಳಿದ್ರೆ ಪಕ್ಕದವನ ನಷ್ಟ ಇವರ ಜಮಾ. ರಾತ್ರಿ ಬಿರುಗಾಳಿ ಎದ್ದರೆ ಈ ಊರಿನ ಮನುಷ್ಯ ಮನಸ್ಸಲ್ಲಿ ಏನು ಅಂದ್ಕೊಳ್ತಿದ್ದ? ದೇವರೇ ಯಾರೂ ಸಾಯದಿರಲಿ ಅಂತಲಾ, ಇಲ್ಲಾ ಬೇರೆ ಏನೋ? ನನಗೆ ಇದು ತುಂಬ ದಿನ ಕೊರೀತಾ ಇತ್ತು.

ಉತ್ತರ ಒಂದು ತಾರೀಕಿನಲ್ಲಿ ಸಿಕ್ಕಿತು. 1862ರ ಡಿಸೆಂಬರ್ 27. ಕ್ರಿಸ್‌ಮಸ್ ಮುಗಿದು ಎರಡೇ ದಿನ. ‘ಡಾಫ್ನೆ’ ಅನ್ನೋ ಸ್ವೀಡನ್ನಿನ ಹಡಗು ಬಿರುಗಾಳಿಯಲ್ಲಿ ಮರಳಿಗೆ ಸಿಕ್ಕಿಕೊಂಡಿತು. ಹತ್ತು ವರ್ಷ ಹಿಂದೆ, 1852ರಲ್ಲಿ, ಸರ್ಕಾರ ಈ ಕರಾವಳಿಗೆ ಒಂದು ಜೀವರಕ್ಷಣಾ ಸೇವೆ ಶುರು ಮಾಡಿತ್ತು. ದೋಣಿ ಸರ್ಕಾರದ್ದು, ಹುಟ್ಟು ಹಾಕೋ ಕೈ ಊರಿನ ಮೀನುಗಾರರದ್ದು. ಅವತ್ತು ರಕ್ಷಣಾ ದೋಣಿ ಹೊರಟಿತು. ಅಲೆಗೆ ಮಗುಚಿತು. ದೋಣಿಯಲ್ಲಿದ್ದವರಲ್ಲಿ 8 ಜನ ಸತ್ತರು. ಎಂಟೂ ಜನ ಇದೇ ಊರಿನವರು. ದಡದಲ್ಲಿ ನಿಂತಿದ್ದವರು ಅವರ ಅಣ್ಣ ತಮ್ಮಂದಿರು, ಹೆಂಡತಿಯರು.

ಇಲ್ಲಿಗೆ ನಿಲ್ಲಿಸಿದ್ರೂ ಯಾರೂ ಬೈತಿರಲಿಲ್ಲ. ಆದ್ರೆ ಮತ್ತೆ ಹೊರಟರು. ಹಾಗೆ ಹೊರಟವರಲ್ಲಿ ಒಬ್ಬ ಲಾರ್ಸ್ ಕ್ರೂಸೆ, ಆಗ ಅವನಿಗೆ 34 ವರ್ಷ. ‘ಡಾಫ್ನೆ’ಯ ನಾವಿಕರನ್ನ ಕರ್ಕೊಂಡು ಬಂದರು. ಪರದೇಶದವರು, ಹೆಸರೂ ಗೊತ್ತಿಲ್ಲದವರು. ಸತ್ತ ಎಂಟು ಜನರ ಹೆಸರಲ್ಲಿ ಊರಲ್ಲಿ ಸ್ಮಾರಕ ಇದೆ.

ಕ್ರೂಸೆ ಮುಂದೆಯೂ ಎಷ್ಟೋ ಸಲ ಹೋದ, ಎಷ್ಟೋ ಜನರನ್ನ ಉಳಿಸಿದ. ಹೋಲ್ಗರ್ ಡ್ರಾಕ್ಮನ್ ಅನ್ನೋ ಕವಿ 1879ರಲ್ಲಿ ಇವನ ಮೇಲೇ ಒಂದು ಪುಸ್ತಕ ಬರೆದ, ಮೀನುಗಾರ ದೇಶಕ್ಕೆಲ್ಲ ಪರಿಚಯ ಆದ. 1894ರಲ್ಲಿ ಕ್ರೂಸೆ ಅದೇ ಕಡಲಲ್ಲಿ ಮುಳುಗಿ ಸತ್ತ.

ಐದನೇ ಫೋಟೋ ಮಿಕೇಲ್ ಆಂಕರ್‌ನ 1883ರ ಚಿತ್ರ. ರಕ್ಷಣಾ ದೋಣಿಯನ್ನ ಗಾಡಿ ಮೇಲಿಟ್ಟು, ಕುದುರೆ ಕಟ್ಟಿ, ಹಿಮ ಬಿದ್ದ ದಿಬ್ಬಗಳ ನಡುವೆ ಎಳ್ಕೊಂಡು ಹೋಗ್ತಿದ್ದಾರೆ. ಆ ಮರಳಿನಲ್ಲಿ ಕಡಲಿಗೆ ತಲುಪೋದೇ ಅರ್ಧ ಯುದ್ಧ.

ಹರಾಜಿನಲ್ಲಿ ಹಲಗೆ ಕೊಂಡವರು, ದೋಣಿ ಹತ್ತಿ ಸತ್ತವರು, ಇಬ್ಬರೂ ಒಂದೇ ಜನ. ನಾನು ಈ ಎರಡನ್ನ ಬೇರೆ ಬೇರೆ ಕಾಲಮ್ಮಿನಲ್ಲಿ ಬರೆಯೋಕೆ ನೋಡಿದೆ. ಆಗಲಿಲ್ಲ.

ಪೋಸ್ಟ್ 6/9

ಕಲಾವಿದರು ಬಂದಿದ್ದು 1870ರ ದಶಕದಲ್ಲಿ. ಈ ಭಾಗ ನೀವು ಬೇರೆ ಪೇಜುಗಳಲ್ಲೂ ನೋಡಿರಬಹುದು, ಹಾಗಾಗಿ ಬೇಗ ಹೇಳ್ತೀನಿ.

ಮಿಕೇಲ್ ಆಂಕರ್ 1874ರಲ್ಲಿ ಬಂದ. ಎರಡು ಕಡಲಿನ ನಡುವಿನ ಬೆಳಕು, ಬೇಸಿಗೆಯ ಸಂಜೆ ಕತ್ತಲಾಗದೆ ನೀಲಿಯಾಗೇ ನಿಲ್ಲೋದು, ಇದಕ್ಕೆ ಹುಚ್ಚು ಹಿಡಿದು ಒಬ್ಬೊಬ್ಬರೇ ಬಂದರು. ನಾರ್ವೆಯ ಕ್ರಿಸ್ಟಿಯನ್ ಕ್ರೋಗ್, 1882ರಲ್ಲಿ ಪಿ. ಎಸ್. ಕ್ರೋಯರ್. ಎಲ್ಲರೂ ಸೇರ್ತಿದ್ದಿದ್ದು ಬ್ರೋಂಡುಮ್ ಅವರ ವಸತಿಗೃಹದಲ್ಲಿ. ಅಲ್ಲಿನ ಊಟದ ಕೋಣೆಯ ಗೋಡೆ ತುಂಬ ಇವರದ್ದೇ ಚಿತ್ರಗಳು. ಈಗ ಆ ಇಡೀ ಕೋಣೆಯನ್ನೇ ಊರಿನ ಮ್ಯೂಸಿಯಮ್ಮಿಗೆ ತಂದಿಟ್ಟಿದ್ದಾರೆ. ಕ್ರೋಯರ್‌ನ ‘ಹಿಪ್ ಹಿಪ್ ಹುರ್ರಾ’ (1888) ಎಲ್ಲರಿಗೂ ಗೊತ್ತು, ಗಿಡಗಳ ಕೆಳಗೆ ಗ್ಲಾಸ್ ಎತ್ತಿ ನಿಂತಿರೋ ಗುಂಪು. ಚಂದ ಇದೆ. ಆದರೆ ಅದರಲ್ಲಿ ಮೀನುಗಾರ ಒಬ್ಬನೂ ಇಲ್ಲ, ಗಮನಿಸಿ.

ನನಗೆ ಇಷ್ಟವಾದದ್ದು ಆರನೇ ಫೋಟೋ. ಮಿಕೇಲ್‌ನ ‘ತುದಿ ದಾಟ್ತಾನಾ?’ ಅನ್ನೋ ಚಿತ್ರ, 1880ರ ಹೊತ್ತಿನದು. ದಡದಲ್ಲಿ ಮೀನುಗಾರರ ಗುಂಪು, ಮಳೆ ಟೋಪಿ, ಉದ್ದದ ಬೂಟು. ಎಲ್ಲರ ಕಣ್ಣು ಕಡಲಿನ ಕಡೆ. ಅವರು ನೋಡ್ತಿರೋ ದೋಣಿ ಚಿತ್ರದಲ್ಲಿಲ್ಲ. ಅದು ನಮ್ಮ ಬೆನ್ನ ಹಿಂದೆ ಎಲ್ಲೋ ಇದೆ. ಆ ಮುಖಗಳಲ್ಲೇ ನಾವು ಉತ್ತರ ಹುಡುಕಬೇಕು. ಇದನ್ನ ರಾಜ ಒಂಬತ್ತನೇ ಕ್ರಿಶ್ಚಿಯನ್ ಕೊಂಡುಕೊಂಡ.

ಇನ್ನು ಆನಾ. ಈ ಗುಂಪಿನಲ್ಲಿ ಸ್ಕಾಗೆನ್‌ನಲ್ಲೇ ಹುಟ್ಟಿದವಳು ಇವಳೊಬ್ಬಳೇ. ಹುಟ್ಟಿದ್ದು 1859ರ ಆಗಸ್ಟ್ 18. ಅಂದ್ರೆ ಆಂಡರ್ಸನ್ ಬಂದಿದ್ದ ಹೊತ್ತಲ್ಲೇ! ಊಟ ತಡವಾಯ್ತು ಅಂತ ಆ ದೊಡ್ಡ ಮನುಷ್ಯ ರೇಗಾಡಿದ್ದಕ್ಕೆ ಬಸುರಿ ಅಮ್ಮನಿಗೆ ಗಾಬರಿಯಾಗಿ ಅವತ್ತೇ ನೋವು ಬಂತು ಅಂತ ಮನೆಯವರು ಹೇಳ್ತಿದ್ದ ಕಥೆ. ಆಗಿನ ಕಾಲದಲ್ಲಿ ರಾಜಮನೆತನದ ಕಲಾ ಅಕಾಡೆಮಿಗೆ ಹೆಂಗಸರಿಗೆ ಪ್ರವೇಶ ಇರಲಿಲ್ಲ. ಹೆಂಗಸರಿಗೆ ಅಂತ ಅಕಾಡೆಮಿ ಒಂದು ಪ್ರತ್ಯೇಕ ಶಾಲೆ ತೆರೆದಿದ್ದೇ 1888ರಲ್ಲಿ. ಆನಾ ಕೋಪನ್‌ಹೇಗನ್‌ನಲ್ಲಿ ವಿಲ್ಹೆಲ್ಮ್ ಕ್ಯೂನ್ ಅನ್ನೋರ ಖಾಸಗಿ ಶಾಲೆಯಲ್ಲಿ ಕಲಿತಳು. 1880ರಲ್ಲಿ ಮಿಕೇಲ್ ಜೊತೆ ಮದುವೆ. ಮದುವೆ ಆಯ್ತಲ್ಲ, ಇನ್ನು ಬಣ್ಣದ ಪೆಟ್ಟಿಗೆ ಕಡಲಿಗೆ ಎಸಿ ಅಂತ ಗುರುಗಳು ಸಲಹೆ ಕೊಟ್ಟರಂತೆ. ಎಸೀಲಿಲ್ಲ. (ನಮ್ಮ ಕ್ಲಾಸಿನ ಹುಡುಗೀರಿಗೆ ಇದನ್ನ ಹೇಳಿದಾಗ ಒಬ್ಬಳು ನಗಲೇ ಇಲ್ಲ. ಅವಳಿಗೆ ಡಿಗ್ರಿ ಮುಗಿದ ತಕ್ಷಣ ಮದುವೆ ಅಂತ ಮಾತಾಗಿದೆ.)

ಗಂಡಸರೆಲ್ಲ ಕಡಲಿನ ಕಡೆ ಮುಖ ಮಾಡಿ ಚಿತ್ರ ಬರೆದರು. ಆನಾ ತಿರುಗಿ ಮನೆಯೊಳಗೆ ನೋಡಿದಳು. ಅಡುಗೆ ಮನೆಯಲ್ಲಿ ಬೆನ್ನು ತಿರುಗಿಸಿ ನಿಂತ ಕೆಲಸದ ಹುಡುಗಿ, ನೀಲಿ ಕೋಣೆಯ ಗೋಡೆ ಮೇಲೆ ಬಿದ್ದ ಬಿಸಿಲು, ಹೆಣೀತಾ ಕೂತ ಮಗಳು, ಒಂದು ಸಾವಿನ ಮನೆ. 1891ರ ‘ನೀಲಿ ಕೋಣೆಯಲ್ಲಿ ಬಿಸಿಲು’ ಚಿತ್ರ ಏಳನೇ ಫೋಟೋ. ದೋಣಿ ತುದಿ ದಾಟ್ತಾ ಇಲ್ವಾ ಅಂತ ಕಾಯೋದು ದಡದಲ್ಲಿ ಮಾತ್ರ ಅಲ್ಲ, ಇಂಥ ಕೋಣೆಗಳಲ್ಲೂ ಕೂತು ಕಾಯ್ತಾರೆ. ಇದು ನನ್ನ ಓದು, ತಜ್ಞರು ಬೇರೆ ಹೇಳಬಹುದು.

ಪೋಸ್ಟ್ 7/9

1890ರ ತನಕ ಸ್ಕಾಗೆನ್‌ಗೆ ಸರಿಯಾದ ರಸ್ತೆ ಇರಲಿಲ್ಲ. ದಕ್ಷಿಣದ ಫ್ರೆಡರಿಕ್ಸ್‌ಹಾವ್ನ್‌ನಿಂದ ಸುಮಾರು 40 ಕಿಲೋಮೀಟರ್, ಕಡಲ ದಡದ ಒದ್ದೆ ಮರಳಿನ ಮೇಲೆ ಕುದುರೆ ಗಾಡಿ. 1890ರ ಜುಲೈನಲ್ಲಿ ಸಣ್ಣ ಹಳಿಯ ರೈಲು ಬಂತು. ಹೋಗೋವಾಗ ಮೀನು, ಬರೋವಾಗ ಪ್ರವಾಸಿಗರು.

ಇನ್ನೊಂದು ವಿಚಿತ್ರ. ಇಷ್ಟು ದೊಡ್ಡ ಮೀನುಗಾರರ ಊರಿಗೆ ಬಂದರೇ ಇರಲಿಲ್ಲ! ದೋಣಿಯನ್ನ ಪ್ರತಿ ಸಲ ಜನ ಸೇರಿ ಮರಳಿನ ಮೇಲೆ ಎಳೀಬೇಕು, ಮತ್ತೆ ನೂಕಬೇಕು. ಹಾಗಾಗಿ ಎಳೆಯೋಕೆ ಆಗುವಷ್ಟೇ ದೊಡ್ಡ ದೋಣಿ, ದೋಣಿ ಹಿಡಿಯುವಷ್ಟೇ ಮೀನು. ಬಡತನದ ಗಾತ್ರವನ್ನ ಕಡಲ ದಡವೇ ನಿಗದಿ ಮಾಡಿತ್ತು. 1904ರಲ್ಲಿ ಕೆಲಸ ಶುರುವಾಗಿ 1907ರ ನವೆಂಬರ್ 20ಕ್ಕೆ ಬಂದರು ಉದ್ಘಾಟನೆ ಆಯ್ತು. ಇಂಜಿನ್ ದೋಣಿಗಳು ಬಂದವು, ದೊಡ್ಡದಾದವು. ದಡದ ಕೆಂಪು ಮೀನು ಗೋದಾಮುಗಳನ್ನ ವಿನ್ಯಾಸ ಮಾಡಿದ್ದು ತೋರ್‌ವಾಲ್ಡ್ ಬಿಂದೆಸ್‌ಬೋಲ್ ಅನ್ನೋ ವಾಸ್ತುಶಿಲ್ಪಿ. ಅವುಗಳಲ್ಲಿ ಈಗ ಹೋಟೆಲುಗಳಿವೆ.

ಮಾರನೇ ವರ್ಷ, 1908ರಲ್ಲಿ, ಕಲಾವಿದರು, ವಸತಿಗೃಹದ ಮಾಲೀಕ, ಊರಿನ ಔಷಧಿ ಅಂಗಡಿಯವರು ಎಲ್ಲ ಸೇರಿ ಮ್ಯೂಸಿಯಂ ಸಂಘ ಕಟ್ಟಿದರು. ಬಂದರು ಬಂದ ಕೂಡಲೇ ಮ್ಯೂಸಿಯಂ ಬಂತು, ನೋಡಿ. ಹಳೇ ಸ್ಕಾಗೆನ್ ಹೋಗ್ತಾ ಇದೆ ಅಂತ ಅವರಿಗೆ ಗೊತ್ತಾಗಿರಬೇಕು. ಹಳದಿ ಸುಣ್ಣದ ಗೋಡೆ, ಕೆಂಪು ಹೆಂಚು, ಹೆಂಚಿನ ಅಂಚಿಗೆ ಬಿಳೀ ಗೆರೆ, ಈಗ ಇನ್‌ಸ್ಟಾದಲ್ಲಿ ಎಲ್ಲರೂ ಹಾಕೋ ಆ ಮನೆಗಳ ರೂಪವನ್ನ ಹೊಸ ಕಟ್ಟಡಗಳಿಗೂ ತಂದವನು ಉಲ್ರಿಕ್ ಪ್ಲೆಸ್ನರ್ ಅನ್ನೋ ವಾಸ್ತುಶಿಲ್ಪಿ. ರೈಲ್ವೆ ಸ್ಟೇಷನ್ನೂ ಅವನದ್ದೇ.

ಪೋಸ್ಟ್ 8/9

ಸ್ಕಾಗೆನ್ ಈಗ ಬರೀ ಪೇಂಟಿಂಗ್ ಅಂದ್ಕೊಂಡ್ರೆ ತಪ್ಪು. ಡೆನ್ಮಾರ್ಕಿನ ಅತಿ ದೊಡ್ಡ ಮೀನುಗಾರಿಕೆ ಬಂದರು ಇವತ್ತಿಗೂ ಇದೇ. ಹೆರಿಂಗ್, ಬಂಗುಡೆಯ ಜಾತಿಯ ಮ್ಯಾಕೆರೆಲ್, ಮತ್ತೆ ಸಣ್ಣ ಸಣ್ಣ ಮೀನು. ಸಣ್ಣ ಮೀನು ತಟ್ಟೆಗೆ ಹೋಗಲ್ಲ, ಫ್ಯಾಕ್ಟರಿಗೆ ಹೋಗಿ ಮೀನಿನ ಹಿಟ್ಟು, ಎಣ್ಣೆ ಆಗುತ್ತೆ. ಅದು ಸಾಕಿದ ಮೀನಿಗೆ ಆಹಾರ.

ನಮ್ಮ ಬಿ.ಕಾಂ. ತಲೆಗೆ ಇಲ್ಲಿ ಕೆಲಸ ಇದೆ. ಯಾರು ಎಷ್ಟು ಮೀನು ಹಿಡಿಯಬಹುದು ಅನ್ನೋದಕ್ಕೆ ಕೋಟಾ ಇದೆ. 2003ರಲ್ಲಿ ಹೆರಿಂಗ್ ಮೀನಿನ ಕೋಟಾವನ್ನ ಡೆನ್ಮಾರ್ಕ್ ಮಾರಬಹುದಾದ ಹಕ್ಕು ಮಾಡಿತು. 2007ರಲ್ಲಿ ಕಡಲ ತಳದ ಮೀನುಗಳಿಗೂ ಅದೇ ರೀತಿ ಬಂತು, ಅಲ್ಲಿ ದೋಣಿಯ ಜೊತೆ ಪಾಲು ಕೈ ಬದಲಾಯಿಸುತ್ತೆ. ಅಂದ್ರೆ ಕಡಲಲ್ಲಿ ಇನ್ನೂ ಈಜ್ತಾ ಇರೋ ಮೀನಿನ ಮೇಲಿನ ಹಕ್ಕು ಬ್ಯಾಲೆನ್ಸ್ ಶೀಟಿನ ಆಸ್ತಿ ಆಯ್ತು. ಮುಟ್ಟೋಕಾಗದ ಆಸ್ತಿ, ಗುಡ್‌ವಿಲ್ ಇದ್ದ ಹಾಗೆ. ಒಳ್ಳೇದೂ ಆಯ್ತು: ದೋಣಿಗಳು ಕಮ್ಮಿಯಾದವು, ‘ಅವನು ಹಿಡಿಯೋಕೆ ಮುಂಚೆ ನಾನು’ ಅನ್ನೋ ಪೈಪೋಟಿ ನಿಂತಿತು, ಉಳಿದವರಿಗೆ ಲಾಭ ಬಂತು. ಆದರೆ ವಯಸ್ಸಾದ ಮೀನುಗಾರ ಕೋಟಾ ಮಾರಿ ಮನೆ ಸೇರಿದ, ಕೊಂಡವನು ಇನ್ನೂ ದೊಡ್ಡ ದೋಣಿ ಕಟ್ಟಿಸಿದ, ಸಣ್ಣ ಬಂದರುಗಳು ಖಾಲಿಯಾದವು. ದೊಡ್ಡ ಪಾಲು ಇಟ್ಟುಕೊಂಡವರಿಗೆ ಅಲ್ಲಿನ ಪತ್ರಿಕೆಗಳು ‘ಕೋಟಾ ರಾಜರು’ ಅಂತ ಹೆಸರಿಟ್ಟಿವೆ. ದೊಡ್ಡ ಬಂದರಾದ ಸ್ಕಾಗೆನ್ ಈ ಆಟದಲ್ಲಿ ಗೆದ್ದ ಕಡೆ ಇದೆ. ಆದರೆ ಊರು ಗೆಲ್ಲೋದು, ಊರಿನ ಎಲ್ಲಾ ಮೀನುಗಾರರು ಗೆಲ್ಲೋದು ಒಂದೇ ಅಲ್ಲ.

ಹೊಸದಾಗಿ ಮೀನುಗಾರ ಆಗಬೇಕು ಅನ್ನೋ ಇಪ್ಪತ್ತರ ಹುಡುಗನ ಬಗ್ಗೆ ಯೋಚಿಸಿದೆ, ನನ್ನ ವಯಸ್ಸೇ. ಅವನ ಅಜ್ಜನಿಗೆ ದೋಣಿ, ಬಲೆ, ತೋಳಿನ ಬಲ ಬೇಕಿತ್ತು. ಇವನಿಗೆ ಮೊದಲು ಬ್ಯಾಂಕ್ ಸಾಲ ಬೇಕು, ಅದೂ ಕಾಣದ ಮೀನಿನ ಮೇಲೆ.

ಅದೇ 2007ರಲ್ಲಿ ಇನ್ನೊಂದೂ ಆಯ್ತು. ಆಡಳಿತ ಸುಧಾರಣೆಯಲ್ಲಿ ಸ್ಕಾಗೆನ್‌ನ ನಗರಸಭೆಯನ್ನ ಫ್ರೆಡರಿಕ್ಸ್‌ಹಾವ್ನ್ ಜೊತೆ ಸೇರಿಸಿಬಿಟ್ಟರು. 1413ರಲ್ಲಿ ಪೇಟೆ ಊರಾದದ್ದು ಈಗ ಪಕ್ಕದೂರಿನ ಆಡಳಿತದ ಒಂದು ಭಾಗ.

ಪೋಸ್ಟ್ 9/9

ಕೊನೇ ಫೋಟೋ ಗ್ರೇನೆನ್ ತುದಿ. ಮರಳಿನ ಮೇಲೆ ಪ್ರವಾಸಿಗರನ್ನ ಎಳ್ಕೊಂಡು ಹೋಗೋಕೆ ಟ್ರ್ಯಾಕ್ಟರ್ ಬಸ್ಸು ಇದೆ, ಅದಕ್ಕೆ ‘ಮರಳು ಹುಳ’ ಅಂತ ಹೆಸರು. ಎಲ್ಲರೂ ಒಂದು ಕಾಲು ಸ್ಕಾಗೆರಾಕ್‌ನಲ್ಲಿ, ಇನ್ನೊಂದು ಕಟೆಗಾಟ್‌ನಲ್ಲಿ ಇಟ್ಟು ಫೋಟೋ ತೆಗೆಸ್ಕೋತಾರೆ. ದಾರಿಯಲ್ಲಿ ದಿಬ್ಬದ ನಡುವೆ ಡ್ರಾಕ್ಮನ್ ಸಮಾಧಿ ಇದೆ, 1908ರಲ್ಲಿ ಸತ್ತಾಗ ಇಲ್ಲೇ ಮರಳಲ್ಲಿ ಇಡಿ ಅಂತ ಅವನ ಆಸೆಯಂತೆ ಮಾಡಿದ್ದು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನಿಕರು ಕಟ್ಟಿದ ಕಾಂಕ್ರೀಟ್ ಬಂಕರುಗಳು ಈಗ ನೀರಿನ ಅಂಚಿಗೆ ಬಂದು ವಾಲಿಕೊಂಡಿವೆ. ಕಡಲು ಒಂದು ಕಡೆ ತಿಂದು ತುದೀಲಿ ಉಗುಳ್ತಾ ಇದೆ, ನಾಲಿಗೆ ವರ್ಷ ವರ್ಷ ಜಾಗ ಬದಲಿಸ್ತಿದೆ.

ಬೂದು ಗೋಪುರದಲ್ಲಿ ಈಗ ವಲಸೆ ಹಕ್ಕಿಗಳ ಕೇಂದ್ರ ಇದೆ. ಮೂರನೇ ಪೋಸ್ಟಿನ ಏತದ ದೀಪ ನೆನಪಿದೆಯಲ್ಲ? ಆ ಪ್ರತಿಕೃತಿಯಲ್ಲೂ ಜೂನ್ 23ರ ರಾತ್ರಿ, ಬೇಸಿಗೆಯ ಹಬ್ಬಕ್ಕೆ, ಬೆಂಕಿ ಹಾಕ್ತಾರೆ. ಊರಿನವರು ಸುತ್ತ ಸೇರ್ತಾರೆ. ಬುಟ್ಟಿ ಮೇಲೇರುತ್ತೆ. ಆಚೆ ಕಡಲಲ್ಲಿ ಹಡಗುಗಳು ಜಿಪಿಎಸ್ ನೋಡ್ಕೊಂಡು ಹೋಗ್ತಿರ್ತವೆ.

#ಸ್ಕಾಗೆನ್ #ಡೆನ್ಮಾರ್ಕ್ #ಕನ್ನಡದಲ್ಲಿಇತಿಹಾಸ #ಆನಾಆಂಕರ್ #ಲೈಟ್‌ಹೌಸ್ #ಬಿಕಾಂದಿನಗಳು